ರಜೆಯಲ್ಲಿ ಬೀಗ ಬೀಳುವ ಕಪಾಟು: ಗಡಿನಾಡಿನ ತೋಟದ ಮನೆಗಳಲ್ಲಿ ಮಕ್ಕಳ ಓದು

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗುವ ಬೇಸಿಗೆ ರಜೆ ಮೇ ತಿಂಗಳ ಕೊನೆಯವರೆಗೆ, ಅಂದರೆ ಹೆಚ್ಚುಕಡಿಮೆ ಏಳು ವಾರ ನಡೆಯುತ್ತದೆ. ಬೆಳಗಾವಿ ಜಿಲ್ಲೆಯ ಮಹಾರಾಷ್ಟ್ರ ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬಹುಪಾಲು ಮಕ್ಕಳಿಗೆ ಕಥೆಪುಸ್ತಕ ಕಾಣಸಿಗುವ ಹತ್ತಿರದ ಜಾಗವೆಂದರೆ ಶಾಲೆಯ ಕಪಾಟು, ಈ ಏಳು ವಾರ ಅದಕ್ಕೂ ಬೀಗ ಬೀಳುತ್ತದೆ. ಪಠ್ಯಪುಸ್ತಕಗಳು ಮನೆಯಲ್ಲೇ ಇರುತ್ತವೆ, ನಿಜ. ಆದರೆ ವಾರ್ಷಿಕ ಪರೀಕ್ಷೆ ಮುಗಿಸಿ ಬಂದ ಮಗು ವರ್ಷವಿಡೀ ಉರುಹೊಡೆದ ಪಾಠವನ್ನೇ ರಜೆಯಲ್ಲಿ ತಾನಾಗಿ ಮತ್ತೆ ಬಿಡಿಸೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ. ರಜೆ ಬಂತೆಂದರೆ ಮಕ್ಕಳು ಓದುವುದಿಲ್ಲ, ಮೊಬೈಲಿಗೆ ಅಂಟಿಕೊಂಡಿರುತ್ತಾರೆ ಎಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಆ ದೂರಿನಲ್ಲಿ ಮಗುವಿನ ಮನಸ್ಸಿನ ಬಗ್ಗೆ ಬೇಕಾದಷ್ಟು ಮಾತಿರುತ್ತದೆ, ಪುಸ್ತಕ ಎಲ್ಲಿದೆ, ಅದರ ಕೀಲಿ ಯಾರ ಕೈಯಲ್ಲಿದೆ, ಮನೆಯಿಂದ ಅದು ಎಷ್ಟು ದೂರ ಎಂಬುದರ ಬಗ್ಗೆ ಮಾತ್ರ ಏನೂ ಇರುವುದಿಲ್ಲ. ಈ ಐದು ತಾಲ್ಲೂಕುಗಳ ಮಟ್ಟಿಗಂತೂ ಮಕ್ಕಳ ಓದು ಆಸಕ್ತಿಯ ಪ್ರಶ್ನೆಯಾಗುವ ಮೊದಲೇ ದೂರದ ಪ್ರಶ್ನೆಯಾಗಿಬಿಡುತ್ತದೆ.

ಮಗು ತಾನೇ ಆರಿಸಿಕೊಂಡ ಪುಸ್ತಕವನ್ನು, ಯಾರೂ ಪ್ರಶ್ನೆ ಕೇಳದ ಮತ್ತು ಅಂಕ ಕೊಡದ ಸನ್ನಿವೇಶದಲ್ಲಿ, ತನ್ನ ವೇಗದಲ್ಲಿ ತನ್ನಷ್ಟಕ್ಕೆ ಓದಿಕೊಳ್ಳುವುದನ್ನು ಶಿಕ್ಷಣಶಾಸ್ತ್ರದಲ್ಲಿ ಸ್ವತಂತ್ರ ಓದು ಎನ್ನುತ್ತಾರೆ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ, ಹಿಡಿಸಿದ್ದನ್ನು ಹತ್ತು ಸಲ ಓದುವ ಹಕ್ಕು ಕೂಡ ಅದರಲ್ಲಿ ಅಡಕವಾಗಿದೆ. ಇದಕ್ಕೂ ಬೇಸಿಗೆ ರಜೆಗೂ ಇರುವ ಸಂಬಂಧದ ಬಗ್ಗೆ ಅಮೆರಿಕದಲ್ಲಿ ಅರ್ಧ ಶತಮಾನದಿಂದ ಅಧ್ಯಯನ ನಡೆದಿದೆ. ಅಟ್ಲಾಂಟಾ ನಗರದ ಮಕ್ಕಳನ್ನು ಕುರಿತು ಬಾರ್ಬರಾ ಹೇನ್ಸ್ 1978ರಲ್ಲಿ ಪ್ರಕಟಿಸಿದ ಗ್ರಂಥ ಹಾಗೂ 1982ರಲ್ಲಿ ಬಾಲ್ಟಿಮೋರಿನ ಒಂದನೆಯ ತರಗತಿಯ ಮಕ್ಕಳಿಂದ ಆರಂಭಿಸಿ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್‌ವಿಸಲ್ ನಡೆಸಿದ ದೀರ್ಘ ಅಧ್ಯಯನ ಇವೆರಡೂ, ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಸರಿಸುಮಾರು ಒಂದೇ ವೇಗದಲ್ಲಿ ಕಲಿಯುತ್ತಾರೆ, ಅಂತರ ಹಿಗ್ಗುವುದು ಬೇಸಿಗೆಯಲ್ಲಿ ಎಂಬ ನಿಲುವಿಗೆ ಬಂದವು. ಈ ತೀರ್ಮಾನವನ್ನು ಈಗ ಕಣ್ಣುಮುಚ್ಚಿ ಒಪ್ಪಿಕೊಳ್ಳುವಂತಿಲ್ಲ: ಆ ಕಾಲದ ಪರೀಕ್ಷೆಗಳಲ್ಲಿ ಅಂಕ ಅಳೆಯುತ್ತಿದ್ದ ಕ್ರಮದಿಂದಲೇ ಅಂತರ ದೊಡ್ಡದಾಗಿ ಕಂಡಿರಬಹುದೆಂದು ಪಾಲ್ ವಾನ್ ಹಿಪ್ಪಲ್ ಮತ್ತಿತರರು 2019ರಲ್ಲಿ ತೋರಿಸಿದ ಮೇಲೆ, ರಜೆಯಲ್ಲಿ ಎಷ್ಟು ಕಲಿಕೆ ಸೋರಿಹೋಗುತ್ತದೆ ಎಂಬುದು ಚರ್ಚೆಯ ವಿಷಯವಾಗಿದೆ. ಇದಕ್ಕಿಂತ ಉಪಯುಕ್ತವಾದ ಅಧ್ಯಯನ ಫ್ಲಾರಿಡಾ ರಾಜ್ಯದ್ದು. ರಿಚರ್ಡ್ ಆಲಿಂಗ್ಟನ್, ಆ್ಯನ್ ಮ್ಯಾಕ್‌ಗಿಲ್-ಫ್ರಾಂಜೆನ್ ಮತ್ತು ಅವರ ಸಂಗಡಿಗರು ಬಡ ಕುಟುಂಬಗಳ ಮಕ್ಕಳಿಗೆ ರಜೆಗೆ ಮುಂಚೆ ಪುಸ್ತಕ ಮೇಳ ಏರ್ಪಡಿಸಿ, ಮಕ್ಕಳೇ ಆರಿಸಿದ 12 ಪುಸ್ತಕಗಳನ್ನು ಉಚಿತವಾಗಿ ಕೊಟ್ಟು ಮನೆಗೆ ಕಳಿಸಿದರು. ಹೀಗೆ ಸತತ ಮೂರು ಬೇಸಿಗೆ ಮಾಡಿದ ನಂತರ ಆ ಮಕ್ಕಳ ಓದಿನ ಮಟ್ಟ ಪುಸ್ತಕ ಸಿಗದ ಮಕ್ಕಳಿಗಿಂತ ಸ್ಪಷ್ಟವಾಗಿ ಮೇಲಿತ್ತು, ಮತ್ತು ಆ ಲಾಭ ರಜೆಯಲ್ಲಿ ತರಗತಿ ನಡೆಸಿದರೆ ಸಿಗುವ ಲಾಭಕ್ಕೆ ಸರಿಸಾಟಿಯಾಗಿತ್ತೆಂದು 2010ರಲ್ಲಿ ವರದಿ ಮಾಡಿದರು. ಅಲ್ಲಿ ಯಾರೂ ಪಾಠ ಮಾಡಲಿಲ್ಲ, ಮನೆಗೆ ಬಂದು ಕೇಳಲಿಲ್ಲ. ಪುಸ್ತಕ ಕೈಯಲ್ಲಿತ್ತು, ಅದನ್ನು ಆರಿಸಿದ್ದು ಮಗುವೇ ಆಗಿತ್ತು.

ಕನ್ನಡದ ಮಗುವಿಗೆ ಇಂಥ ಓದು ಇನ್ನೂ ಹೆಚ್ಚು ಅಗತ್ಯವಾಗುವುದಕ್ಕೆ ಲಿಪಿಯ ಸ್ವರೂಪವೂ ಒಂದು ಕಾರಣ. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಲಿಪಿಯ ಪಟ್ಟಿ ಮುಗಿಯುತ್ತದೆ. ಕನ್ನಡದಲ್ಲಿ ವರ್ಣಮಾಲೆ ಬಂದಮೇಲೂ ಒಂದೊಂದು ವ್ಯಂಜನದ ಕಾಗುಣಿತ ಹಿಡಿದು ಲೆಕ್ಕ ಹಾಕಿದರೆ ರೂಪಗಳು ನಾಲ್ಕು ನೂರು ಮೀರುತ್ತವೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಾಧ್ಯಮದ ಮಕ್ಕಳನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು, ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆಂದು 2007ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದ್ದಾರೆ. ಎಂಟು-ಒಂಬತ್ತು ವರ್ಷದ ಮಗು ‘ಸ್ತ್ರ’, ‘ಕ್ಷ್ಮ’ ಮುಂತಾದ ಕೂಡಕ್ಷರದ ಮುಂದೆ ತಡವರಿಸಿ ನಿಂತರೆ ಅದು ದಡ್ಡತನವಲ್ಲ, ಆ ಆಕಾರವನ್ನು ಇನ್ನೂ ಸಾಕಷ್ಟು ಸಲ ನೋಡಿಲ್ಲ ಎಂಬುದಷ್ಟೇ ಅದರ ಅರ್ಥ. ಕನ್ನಡದ ಪದಗಳು ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಉದ್ದವಾಗುವುದು ಇನ್ನೊಂದು ತೊಡಕು. ‘ಕಳಿಸಿಕೊಡಬೇಕಾಗಿತ್ತೆಂದು’ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುವ ಮಗು ‘ಗಿತ್ತೆಂದು’ ತಲುಪುವ ಹೊತ್ತಿಗೆ ‘ಕಳಿಸಿ’ಯನ್ನು ಮರೆತಿರುತ್ತದೆ, ಬೆರಳು ಸಾಲಿನ ಕೊನೆ ಮುಟ್ಟಿರುತ್ತದೆ, ಯಾರು ಯಾರಿಗೆ ಏನನ್ನು ಕಳಿಸಿದರೆಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಪದಗಳನ್ನು ಒಂದೇ ನೋಟಕ್ಕೆ ಗುರುತಿಸುತ್ತ ತಡೆಯಿಲ್ಲದೆ ಓದುವ ಸಾಮರ್ಥ್ಯಕ್ಕೆ ಓದಿನ ನಿರರ್ಗಳತೆ ಎನ್ನುತ್ತಾರೆ, ಅದು ಬರುವುದು ಸುಲಭವಾದ ಪಠ್ಯವನ್ನು ಧಾರಾಳವಾಗಿ ಓದುವುದರಿಂದ; ಶಾಲೆಯ ಅವಧಿಯ ನಲವತ್ತು ನಿಮಿಷದಲ್ಲಿ ಮೂವತ್ತು ಮಕ್ಕಳಿಗೆ ಸರದಿ ಬರುವಷ್ಟು ಓದು ಅದಕ್ಕೆ ಸಾಲದು.

ಗಡಿಭಾಗದಲ್ಲಿ ಇದಕ್ಕೆ ಮತ್ತೊಂದು ಪದರ ಕೂಡಿಕೊಳ್ಳುತ್ತದೆ. ನಿಪ್ಪಾಣಿಯ ಪೇಟೆಯಲ್ಲೂ ಚಿಕ್ಕೋಡಿ, ಅಥಣಿ, ಕಾಗವಾಡಗಳ ಅನೇಕ ಹಳ್ಳಿಗಳಲ್ಲೂ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಯ ಮಕ್ಕಳಿದ್ದಾರೆ, ಮರಾಠಿ ಮತ್ತು ಉರ್ದು ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಎರಡು ಲಿಪಿಗಳಲ್ಲಿ ಓದಲು ಬರುವುದು ದೊಡ್ಡ ಸಂಪತ್ತು. ಆದರೆ ಮರಾಠಿ ಬರೆಯುವ ದೇವನಾಗರಿಯಲ್ಲಿ ‘ಎ’ ಮತ್ತು ‘ಏ’ಗಳಿಗೆ, ‘ಒ’ ಮತ್ತು ‘ಓ’ಗಳಿಗೆ ಬೇರೆ ಬೇರೆ ಚಿಹ್ನೆಗಳಿಲ್ಲದ ಕಾರಣ, ಆ ಲಿಪಿಗೆ ಒಗ್ಗಿದ ಮಗು ಕನ್ನಡದಲ್ಲಿ ‘ಕೊಡು’ ಮತ್ತು ‘ಕೋಡು’, ‘ಬೆಳೆ’ ಮತ್ತು ‘ಬೇಳೆ’ಗಳ ನಡುವೆ ಎಡವುತ್ತದೆ. ತಿದ್ದುವುದರಿಂದ ಇದು ಸ್ವಲ್ಪ ಸರಿಹೋಗುತ್ತದೆ, ಕಥೆಯ ಓಟದಲ್ಲಿ ಹೆಚ್ಚು ಸರಿಹೋಗುತ್ತದೆ, ಯಾಕೆಂದರೆ ಹೊಲದಲ್ಲಿ ಬೇಳೆ ಬೆಳೆದಂತಾದರೆ ಮಗುವೇ ನಿಂತು ಸಾಲನ್ನು ಮತ್ತೊಮ್ಮೆ ನೋಡುತ್ತದೆ.

ಈಗ ದೂರದ ವಿಷಯ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಮತ್ತು ಕೊಳವೆಬಾವಿಗಳ ಆಸರೆಯಿಂದ ಕಬ್ಬು ಹರಡಿದ ಈ ಪ್ರದೇಶದಲ್ಲಿ ರೈತ ಕುಟುಂಬಗಳು ಊರೊಳಗಿನ ಮನೆಯನ್ನು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಳ್ಳುವುದು ಬಹುಕಾಲದಿಂದ ನಡೆದುಬಂದಿದೆ. ಇವುಗಳನ್ನು ಜನ ತೋಟದ ಮನೆ ಎನ್ನುತ್ತಾರೆ, ಮರಾಠಿ ಬಲ್ಲವರು ವಸ್ತಿ ಎನ್ನುತ್ತಾರೆ. ಒಂದೇ ಅಡ್ಡಹೆಸರಿನ ನಾಲ್ಕಾರು ಕುಟುಂಬಗಳು ಒತ್ತಟ್ಟಿಗಿದ್ದರೆ ಆ ಹೆಸರಿನ ಮುಂದೆ ‘ತೋಟ’ ಎಂದು ಸೇರಿಸಿ ಜಾಗವನ್ನು ಗುರುತಿಸುತ್ತಾರೆ. ಮಕ್ಕಳು ನಡೆದು ಮುಟ್ಟುವಂತೆ ಇಂಥ ತೋಟಗಳಲ್ಲೇ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ತೆರೆದವು, ರಾಯಬಾಗ, ಚಿಕ್ಕೋಡಿ, ಅಥಣಿ ಭಾಗದಲ್ಲಿ ತೋಟದ ಶಾಲೆ ಎಂಬುದು ಎಲ್ಲರಿಗೂ ಪರಿಚಿತವಾದ ಮಾತು. ಎರಡು ಕೋಣೆ, ಒಬ್ಬರೋ ಇಬ್ಬರೋ ಶಿಕ್ಷಕರು, ಚಟುವಟಿಕೆಯಿಂದ ಕಲಿಸುವ ನಲಿಕಲಿ ಕ್ರಮದ ಕಾರ್ಡುಗಳು, ಗೋಡೆಗೆ ಹೊಂದಿದ ಒಂದು ಕಬ್ಬಿಣದ ಕಪಾಟು ಇಂಥ ಶಾಲೆಯ ಆಸ್ತಿ. ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು, ಹಳೆಯ ಉತ್ತರಪತ್ರಿಕೆಗಳ ಗಂಟು ಇವುಗಳ ಜೊತೆಗೆ ಕಥೆಪುಸ್ತಕಗಳೂ ಅದೇ ಕಪಾಟಿನಲ್ಲಿರುತ್ತವೆ, ಹೀಗಾಗಿ ಪುಸ್ತಕಗಳಿಗೆ ದಾಖಲೆಗಳಷ್ಟೇ ಭದ್ರತೆ ದೊರೆಯುತ್ತದೆ. ಶಿಕ್ಷಕರು ಪಕ್ಕದ ಊರಿನವರೋ ತಾಲ್ಲೂಕು ಕೇಂದ್ರದವರೋ ಆಗಿದ್ದು ರಜೆಗೆ ಹೊರಟಾಗ ಕೀಲಿ ಅವರ ಜೊತೆ ಹೋಗುತ್ತದೆ. ಅವರನ್ನು ದೂರುವುದು ಸುಲಭ. ಆದರೆ ಸರಕಾರಿ ಹಣದಲ್ಲಿ ಬಂದ ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯಲ್ಲಿ ಒಂದು ಸಾಲಿದೆ, ತಪಾಸಣೆಯ ದಿನ ಆ ಸಾಲಿಗೆ ಎದುರಾಗಿ ಪುಸ್ತಕ ಇರಬೇಕು, ಇಲ್ಲವಾದರೆ ಉತ್ತರ ಹೇಳಬೇಕಾದವರು ಮುಖ್ಯಶಿಕ್ಷಕರು. ಹೀಗಾಗಿ ಹರಿಯದ, ಮುಕ್ಕಾಗದ, ಯಾರೂ ಓದದ ಪುಸ್ತಕವೇ ಲೆಕ್ಕಪತ್ರದ ದೃಷ್ಟಿಯಲ್ಲಿ ಅತ್ಯುತ್ತಮ ಪುಸ್ತಕವಾಗಿ ಉಳಿದುಬಿಡುತ್ತದೆ.

ಶಾಲೆಯ ಹೊರಗೆ ಇರುವ ವ್ಯವಸ್ಥೆ ಗ್ರಾಮ ಪಂಚಾಯತಿಯ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂದ ಮೇಲೆ ಹಂತಹಂತವಾಗಿ ಬೆಳೆದ ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ರಾಜ್ಯದಲ್ಲಿ ಇವುಗಳ ಸಂಖ್ಯೆ 5,600ಕ್ಕೂ ಹೆಚ್ಚು. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಇದು ಸಣ್ಣ ಬದಲಾವಣೆಯಲ್ಲ, ಯಾಕೆಂದರೆ ಅಲ್ಲಿಯವರೆಗೆ ಹಳ್ಳಿಯ ಗ್ರಂಥಾಲಯವೆಂದರೆ ಗಂಡಸರು ಬೆಳಿಗ್ಗೆ ಬಂದು ಪತ್ರಿಕೆ ತಿರುವಿ ಹೋಗುವ ಕೋಣೆಯಾಗಿತ್ತು. ಹೆಣ್ಣುಮಗು ಹೊಸ್ತಿಲು ದಾಟಿ ಒಳಗೆ ಬರುವುದಕ್ಕೆ ಅಲ್ಲೊಂದು ಸದಸ್ಯತ್ವದ ಚೀಟಿ ಬೇಕಿತ್ತು. ಮುಂದೆ ಇವಕ್ಕೆ ಅರಿವು ಕೇಂದ್ರ ಎಂಬ ಹೆಸರು ಬಂತು, ಜನರಿಂದ ಪುಸ್ತಕ ದಾನ ಪಡೆಯುವ ‘ಪುಸ್ತಕ ಜೋಳಿಗೆ’ ನಡೆಯಿತು, ಈಚಿನ ವರ್ಷಗಳಲ್ಲಿ ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳೂ ಏರ್ಪಡುತ್ತಿವೆ. ಊರೊಳಗೆ ಮನೆ ಇರುವ ಮಗುವಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಮೂರು-ನಾಲ್ಕು ಕಿಲೋಮೀಟರ್ ಆಚೆಯ ತೋಟದ ಮನೆಯ ಒಂಬತ್ತು ವರ್ಷದ ಮಗುವನ್ನು ಏಪ್ರಿಲ್ ಬಿಸಿಲಿನಲ್ಲಿ ಒಂದು ಪುಸ್ತಕಕ್ಕಾಗಿ ಊರಿಗೆ ನಡೆಸುವ ತಾಯಿತಂದೆ ಇರಲಾರರು, ಇರಬೇಕೆಂದು ಬಯಸುವುದೂ ಸರಿಯಲ್ಲ.

ಮಗು ಪುಸ್ತಕದ ಬಳಿಗೆ ಬರಲಾಗದಿದ್ದರೆ ಪುಸ್ತಕ ಮಗುವಿನ ಬಳಿಗೆ ಹೋಗಬೇಕೆಂಬುದು ಗ್ರಂಥಾಲಯಶಾಸ್ತ್ರದಲ್ಲಿ ಹಳೆಯ ವಿಚಾರ. ಬೆಂಗಳೂರಿನಲ್ಲಿ ಕೊನೆಗಾಲ ಕಳೆದ ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು ಪ್ರಕಟಿಸಿದ 1931ರಲ್ಲೇ, ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹಳ್ಳಿಯಿಂದ ಹಳ್ಳಿಗೆ ಹೊರಟಿತ್ತು. ಚಿಕ್ಕೋಡಿ ಸೀಮೆಯಲ್ಲಿ ಹೊಸ ಗಾಡಿಯ ಅಗತ್ಯವೂ ಇಲ್ಲ, ಯಾಕೆಂದರೆ ತೋಟ ಮತ್ತು ಊರಿನ ನಡುವೆ ಪ್ರತಿದಿನ ಎರಡು ಸಲ ತಪ್ಪದೆ ನಡೆಯುವ ಒಂದು ಸಂಚಾರ ಈಗಾಗಲೇ ಇದೆ. ಎಮ್ಮೆ-ಆಕಳು ಕಟ್ಟಿದ ಪ್ರತಿ ತೋಟದ ಮನೆಯಿಂದ ಬೆಳಿಗ್ಗೆ ಮತ್ತು ಸಂಜೆ ಯಾರಾದರೊಬ್ಬರು ಬೈಕಿಗೋ ಸೈಕಲ್ಲಿಗೋ ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಗೆ ಹೋಗುತ್ತಾರೆ. ಫ್ಯಾಟು ನೋಡಿ, ಲೀಟರು ಬರೆಸಿ, ಖಾಲಿ ಕ್ಯಾನಿನೊಂದಿಗೆ ಮರಳುತ್ತಾರೆ. ಡೇರಿಯ ಕಟ್ಟೆಯ ಮೇಲೆ ಅರಿವು ಕೇಂದ್ರದ ಒಂದು ಪುಸ್ತಕದ ಪೆಟ್ಟಿಗೆ ಇದ್ದು, ಹಾಲಿನ ಪುಸ್ತಕದ ಪಕ್ಕದಲ್ಲೇ ಇನ್ನೊಂದು ವಹಿ ಇದ್ದರೆ, ಕ್ಯಾನು ಮರಳುವಾಗ ಎರಡು ಕಥೆಪುಸ್ತಕಗಳೂ ತೋಟಕ್ಕೆ ಹೋಗುತ್ತವೆ, ಮೂರು ದಿನದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುತ್ತವೆ. ಹಾಲು ಹಾಕುವವರ ಹೆಸರು, ತೋಟ, ಫೋನು ಎಲ್ಲವೂ ಡೇರಿಯಲ್ಲಿ ದಾಖಲಾಗಿರುವುದರಿಂದ ಪುಸ್ತಕ ಯಾರ ಮನೆಯಲ್ಲಿದೆ ಎಂದು ಹುಡುಕುವ ತಾಪತ್ರಯವೂ ಇರುವುದಿಲ್ಲ. ಇಂಥದ್ದನ್ನು ಮಾಡಲು ಸುತ್ತೋಲೆಗಾಗಿ ಕಾಯಬೇಕಾಗಿಲ್ಲ, ಗ್ರಂಥಪಾಲಕರು ಮತ್ತು ಡೇರಿಯ ಕಾರ್ಯದರ್ಶಿ ಇಬ್ಬರೂ ಒಪ್ಪಿದರೆ ಸಾಕು.

ಶಾಲೆಯ ಬಾಗಿಲೇ ರಜೆಯಲ್ಲಿ ತೆರೆದ ಉದಾಹರಣೆಯೂ ಇದೆ. ಬರಪೀಡಿತವೆಂದು ಘೋಷಿತವಾದ ತಾಲ್ಲೂಕುಗಳಲ್ಲಿ 2024ರ ಏಪ್ರಿಲ್-ಮೇ ತಿಂಗಳಲ್ಲಿ ಬೇಸಿಗೆ ರಜೆಯ ದಿನಗಳಲ್ಲೂ ಮಧ್ಯಾಹ್ನದ ಬಿಸಿಯೂಟ ಕೊಡುವ ನಿರ್ಧಾರವನ್ನು ರಾಜ್ಯ ಸರಕಾರ ಕೈಗೊಂಡಿತು. ಅಡುಗೆಯವರು ಬಂದರು, ಅಡುಗೆಕೋಣೆ ತೆರೆಯಿತು, ಊಟಕ್ಕೆ ಮಕ್ಕಳು ಬಂದರು. ಅಡುಗೆಕೋಣೆ ತೆರೆಯಬಹುದಾದರೆ ಅದೇ ಅಂಗಳದ ಕಪಾಟು ವಾರಕ್ಕೊಮ್ಮೆ ಅರ್ಧ ಗಂಟೆ ತೆರೆಯಲು ಆಡಳಿತದ ದೃಷ್ಟಿಯಿಂದ ಅಡ್ಡಿಯೇನೂ ಕಾಣುವುದಿಲ್ಲ. ಈ ಐದೂ ತಾಲ್ಲೂಕುಗಳು ಬೆಳಗಾವಿ ಕಂದಾಯ ಜಿಲ್ಲೆಯಲ್ಲಿದ್ದರೂ ಶಿಕ್ಷಣ ಇಲಾಖೆಯ ಮಟ್ಟಿಗೆ ಚಿಕ್ಕೋಡಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ನಿರ್ಧಾರ ಕೈಗೊಳ್ಳಬೇಕಾದ ಕಚೇರಿ ಹತ್ತಿರವೇ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಪುಸ್ತಕ ಮನೆಗೆ ಬಂದ ಮೇಲೂ ಉಳಿಯುವ ಅಡ್ಡಿ ಸಾಮಾಜಿಕವಾದುದು. ಈ ಸೀಮೆಗೆ ಓದು ಹೊಸದಲ್ಲ. ಶೇಡಬಾಳ, ಉಗಾರ, ಐನಾಪುರ, ಸದಲಗಾ ಮುಂತಾದ ಊರುಗಳ ಜೈನ ಮನೆಗಳಲ್ಲಿ ಸ್ವಾಧ್ಯಾಯ, ಅಂದರೆ ಶಾಸ್ತ್ರಗ್ರಂಥವನ್ನು ನಿತ್ಯ ಓದಿ ಮನನ ಮಾಡುವುದು, ದೇವಪೂಜೆ ಮತ್ತು ದಾನಗಳ ಸಾಲಿನಲ್ಲೇ ಬರುವ ಗೃಹಸ್ಥರ ಆರು ನಿತ್ಯಕರ್ಮಗಳಲ್ಲಿ ಒಂದು. 1946ರಲ್ಲಿ ಸದಲಗಾದಲ್ಲಿ ಹುಟ್ಟಿ, ಕನ್ನಡದಲ್ಲಿ ಕಲಿತು, ಮುಂದೆ ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದ ಆಚಾರ್ಯ ವಿದ್ಯಾಸಾಗರರು ಈ ವಾತಾವರಣದಿಂದಲೇ ಬಂದವರು. ಲಿಂಗಾಯತ ಮಠಗಳಲ್ಲಿ ಶ್ರಾವಣದ ಪುರಾಣ ನಡೆಯುತ್ತದೆ, ವಾರಕರಿ ಸಂಪ್ರದಾಯದವರು ಸಪ್ತಾಹ ಕಟ್ಟಿ ಜ್ಞಾನೇಶ್ವರಿಯ ಪಾರಾಯಣ ಮಾಡುತ್ತಾರೆ. ಇವೆಲ್ಲವೂ ದೊಡ್ಡವರ ಓದು, ಬಹುಮಟ್ಟಿಗೆ ಗಟ್ಟಿಯಾಗಿ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಗ್ರಂಥದಿಂದ ನಡೆಯುವ ಓದು. ಮೂಲೆಯಲ್ಲಿ ಕುಳಿತು ತುಟಿ ಅಲುಗಿಸದೆ ನರಿಯ ಕಥೆಯನ್ನೋ ಬಾಹ್ಯಾಕಾಶದ ಕಥೆಯನ್ನೋ ಓದುವ ಹುಡುಗಿ ಈ ಚೌಕಟ್ಟಿಗೆ ಹೊಂದುವುದಿಲ್ಲ. ಆಕೆ ಸುಮ್ಮನೆ ಕುಳಿತವಳಂತೆ ಕಾಣುತ್ತಾಳೆ, ಸುಮ್ಮನೆ ಕುಳಿತವಳಿಗೆ ಒಂದು ಕೆಲಸ ಹೇಳುವುದು ಮನೆಯ ಸಹಜ ನಡೆ. ಕೂಸನ್ನು ಎತ್ತಿಕೊಳ್ಳುವುದು, ಹೊಲಕ್ಕೆ ಬುತ್ತಿ ಮುಟ್ಟಿಸುವುದು, ಆಡು ಕಾಯುವುದು, ನಿಪ್ಪಾಣಿಯ ಕಡೆ ಮನೆಯಲ್ಲೇ ಬೀಡಿ ಕಟ್ಟುವ ತಾಯಂದಿರಿಗೆ ಎಲೆ ಹದಮಾಡಿ ಕೊಡುವುದು ಹೀಗೆ ರಜೆಯ ದಿನದಲ್ಲಿ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೆಲಸ ತಪ್ಪುವುದಿಲ್ಲ. ದಿನವಿಡೀ ಓದಬೇಕೆಂಬ ಉಪದೇಶ ಇಂಥ ಮನೆಯಲ್ಲಿ ನಡೆಯಲಾರದು. ಮಧ್ಯಾಹ್ನ ಊಟವಾದ ಮೇಲೆ ಬಿಸಿಲು ಇಳಿಯುವವರೆಗೆ ದೊಡ್ಡವರೂ ಅಡ್ಡಾಗುವ ಹೊತ್ತಿನಲ್ಲಿ ಮಗುವಿನ ಕೈಯಲ್ಲಿ ಪುಸ್ತಕವಿದ್ದರೆ ಅದನ್ನು ಕಸಿಯಬಾರದು ಎಂಬಷ್ಟು ಒಪ್ಪಂದವಾದರೆ ಸಾಕು. ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೂ ಏಳು ವಾರಕ್ಕೆ ಹದಿನಾರು ಗಂಟೆಯ ಓದಾಗುತ್ತದೆ.

ಮನೆಯ ಹಿರಿಯರಿಗೆ ಓದು ಬಾರದಿರುವುದನ್ನು ದೊಡ್ಡ ಕೊರತೆಯೆಂದು ಎಣಿಸಬೇಕಾಗಿಲ್ಲ. ಅಜ್ಜಿಗೆ ಅಕ್ಷರ ಬಾರದಿದ್ದರೆ ಮಗು ಓದಿ ಹೇಳುವುದಕ್ಕೆ ನಿಜವಾದ ಕೇಳುಗರೊಬ್ಬರು ಸಿಕ್ಕಂತಾಯಿತು. ಪರೀಕ್ಷಕರಂತೆ ತಪ್ಪು ಹಿಡಿಯದೆ ಮುಂದೇನಾಯಿತೆಂದು ಕೇಳುವವರ ಮುಂದೆ ಓದುವಾಗ ನಾಲಗೆ ಬೇಗ ತಿರುಗುತ್ತದೆ. ಗೋಡೆಯ ಕ್ಯಾಲೆಂಡರು, ಬೀಗರು ತಂದುಕೊಟ್ಟ ಲಗ್ನಪತ್ರಿಕೆ, ಗೊಬ್ಬರದ ಚೀಲದ ಮೇಲಿನ ಸೂಚನೆ, ಅಂಗಡಿಯಿಂದ ಚುರುಮುರಿ ಕಟ್ಟಿ ಬಂದ ಪತ್ರಿಕೆಯ ಹಾಳೆ ಇವೆಲ್ಲವೂ ಓದಿನ ಸಾಮಗ್ರಿಯೇ. ಲಗ್ನಪತ್ರಿಕೆಯಂತೂ ಸಂಬಂಧಿಕರ ಹೆಸರುಗಳಿಂದ ತುಂಬಿರುವ ಕಾರಣ ಎಷ್ಟು ಕಷ್ಟದ ಒತ್ತಕ್ಷರವಿದ್ದರೂ ಮಕ್ಕಳು ಬಿಡದೆ ಓದುತ್ತಾರೆ.

ಯಾವ ಪುಸ್ತಕ ಎಂಬ ಪ್ರಶ್ನೆಗೆ ದೊಡ್ಡವರು ಕೊಡುವ ಉತ್ತರ ಹೆಚ್ಚಾಗಿ ನೀತಿಕಥೆ, ಮಹಾಪುರುಷರ ಜೀವನಚರಿತ್ರೆ, ಸಾಮಾನ್ಯ ಜ್ಞಾನ ಎಂಬ ಮೂರರಲ್ಲೇ ಸುತ್ತುತ್ತದೆ. ಅವು ಬೇಡವೆಂದಲ್ಲ; ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಎರಡು ತಲೆಮಾರಿನ ಮಕ್ಕಳಿಗೆ ಓದುವ ರೂಢಿ ಹಚ್ಚಿವೆ, ಶಿವರಾಮ ಕಾರಂತರು 1930ರ ದಶಕದಲ್ಲಿ ಹೊರತಂದ ‘ಬಾಲಪ್ರಪಂಚ’ ಜ್ಞಾನಕೋಶವನ್ನೂ ಮಕ್ಕಳು ಕಥೆಯಂತೆ ಓದಬಹುದೆಂದು ತೋರಿಸಿತು. ಆದರೆ ಈಚಿನ ಕನ್ನಡ ಮಕ್ಕಳ ಸಾಹಿತ್ಯ ಮಗುವಿನ ತಂಟೆ, ಭಯ, ಸಿಟ್ಟುಗಳನ್ನು ನೇರವಾಗಿ ಮುಟ್ಟುತ್ತಿದೆ: ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023) ಕೃತಿಗಳು ಪ್ರತಿ ಅರಿವು ಕೇಂದ್ರದಲ್ಲೂ ಇರತಕ್ಕವು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಕಷ್ಟದ ಪ್ರಮಾಣಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಅವನ್ನು ಜೋಡಿಸಲಾಗಿದೆ. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು ಓದುವ ಸೌಲಭ್ಯದಿಂದ ನಿಪ್ಪಾಣಿಯ ಮಗುವಿಗೆ ಆಗುವಷ್ಟು ಉಪಯೋಗ ಮೈಸೂರಿನ ಮಗುವಿಗೆ ಆಗಲಾರದು. ಮೊಬೈಲನ್ನು ಶತ್ರುವೆಂದು ಘೋಷಿಸುವ ಬದಲು ಅದರಲ್ಲೇ ಒಂದು ಕಥೆ ತೆರೆದುಕೊಡುವುದು ಜಾಣತನ, ಆದರೆ ಕಥೆಯ ಮಧ್ಯೆ ಕರೆ ಬರುತ್ತದೆ, ಡಾಟಾ ಮುಗಿಯುತ್ತದೆ, ಫೋನು ಅಪ್ಪನೊಂದಿಗೆ ಕಬ್ಬಿಗೆ ನೀರು ಬಿಡಲು ಹೋಗುತ್ತದೆ, ಹಾಗಾಗಿ ಕಾಗದದ ಪುಸ್ತಕಕ್ಕೆ ಅದು ಪರ್ಯಾಯವಾಗುವುದಿಲ್ಲ. ಮರಾಠಿ ಬಲ್ಲ ಮಕ್ಕಳಿಗೆ ಮಹಾರಾಷ್ಟ್ರದ ಬಾಲಭಾರತಿ 1971ರಿಂದ ಹೊರತರುತ್ತಿರುವ ‘ಕಿಶೋರ್’ ಮಾಸಪತ್ರಿಕೆ ಕೈಗೆಟುಕುವಂತಿದೆ. ಅದನ್ನು ಓದಿದರೆ ಕನ್ನಡ ಕೆಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ, ಒಂದು ಭಾಷೆಯಲ್ಲಿ ಬೆಳೆದ ಓದಿನ ಚಟ ಇನ್ನೊಂದಕ್ಕೆ ತಾನಾಗಿ ಹರಿಯುತ್ತದೆ.

ಪುಸ್ತಕದ ಕನ್ನಡ ಮತ್ತು ಮನೆಯ ಕನ್ನಡದ ನಡುವೆ ಇರುವ ಅಂತರದ ಮಾತನ್ನೂ ಬಿಡುವಂತಿಲ್ಲ. ‘ಹೋಗಾಕತ್ತೇನಿ’, ‘ಒಲ್ಲೆ’ ಎನ್ನುವ ಮಗುವಿಗೆ ಅಚ್ಚಿನ ಪುಟದಲ್ಲಿ ತನ್ನ ಮಾತು ಕಾಣಸಿಗುವುದು ಅಪರೂಪ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇದೇ ಸೀಮೆಯ ಮಾತನ್ನು ನಾಟಕದಲ್ಲಿ ಮೆರೆಸಿದರು, ಮಕ್ಕಳಿಗಾಗಿಯೂ ನಾಟಕ ಬರೆದರು. ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿ ಶಾಲಾ ಶಿಕ್ಷಕರಾಗಿ ದುಡಿದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಕಾದಂಬರಿಯಲ್ಲಿ ಈ ಭಾಗದ ಒಕ್ಕಲುತನದ ಜೈನ ಸಮುದಾಯದ ಬದುಕು ಅಲ್ಲಿಯದೇ ನುಡಿಯಲ್ಲಿ ಮೂಡಿದೆ. ಅದು ಮಕ್ಕಳ ಪುಸ್ತಕವಲ್ಲ, ಆದರೆ ಒಂಬತ್ತು-ಹತ್ತನೆಯ ತರಗತಿಯ ಓದುಗರಿಗೆ ತಮ್ಮ ಸೀಮೆಯಲ್ಲೇ ಹುಟ್ಟಿದ ಲೇಖಕರೊಬ್ಬರಿದ್ದರು ಎಂಬುದು ಗೊತ್ತಿರಬೇಕು. ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಅವರ ಕೃತಿಗಳ ಪ್ರತಿಗಳು ಸುಲಭವಾಗಿ ಕೈಗೆ ಬರುವಂತೆ ಇಡುವುದು ಸ್ಥಳೀಯ ಆಡಳಿತ ಮಾಡಬಹುದಾದ ಅಗ್ಗದ ಕೆಲಸ.

ಆಯ್ಕೆ ಮಗುವಿನದಾಗಿರಬೇಕೆಂದರೆ ಆಯ್ಕೆ ಮಾಡುವ ಬಗೆಯನ್ನೂ ಕಲಿಸಬೇಕಾಗುತ್ತದೆ. ಇಂಗ್ಲಿಷ್ ಶಾಲೆಗಳಲ್ಲಿ ಬಳಕೆಯಲ್ಲಿರುವ ಐದು ಬೆರಳಿನ ಸೂತ್ರ ಸರಳವಾದುದು: ಪುಸ್ತಕದ ಯಾವುದಾದರೊಂದು ಪುಟ ತೆರೆದು ಓದುತ್ತ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸಬೇಕು, ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಿಸಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಕನ್ನಡದಲ್ಲಿ ಇದನ್ನು ತುಸು ಬದಲಿಸಬೇಕು, ಯಾಕೆಂದರೆ ಇಲ್ಲಿ ತೊಡಕಾಗುವುದು ಅರ್ಥ ತಿಳಿಯದ ಪದಕ್ಕಿಂತ ಹೆಚ್ಚಾಗಿ ಅರ್ಥ ತಿಳಿದೂ ಬಾಯಿಗೆ ಬಾರದ ಉದ್ದನೆಯ ಪದ. ಮಗು ಎರಡೆರಡು ಸಲ ಹಿಂದೆ ಬಂದು ಕೂಡಿಸಿಕೊಂಡ ಪದಗಳಿಗೂ ಬೆರಳು ಮಡಿಸಿದರೆ ಲೆಕ್ಕ ಸರಿಹೋಗುತ್ತದೆ. ಐದನೆಯ ತರಗತಿಯ ಹುಡುಗ ಎರಡನೆಯ ತರಗತಿಯ ಚಿತ್ರಪುಸ್ತಕ ಆರಿಸಿಕೊಂಡರೆ ಹಿರಿಯರು ನಗಬಾರದು, ನಿರರ್ಗಳತೆ ಬರುವುದೇ ಅಂಥ ಪುಸ್ತಕದಿಂದ. ರಜೆ ಮುಗಿದ ಮೇಲೆ ಸಾರಾಂಶ ಬರೆಸುವುದು, ಎಷ್ಟು ಪುಸ್ತಕ ಓದಿದೆಯೆಂದು ಪೈಪೋಟಿ ಹಚ್ಚುವುದು ಇವುಗಳ ಅಗತ್ಯವೂ ಇಲ್ಲ. ಅವು ಓದನ್ನು ಮತ್ತೆ ಪಾಠವಾಗಿಸುತ್ತವೆ, ಸುಳ್ಳು ಲೆಕ್ಕ ಬರೆಯುವುದನ್ನೂ ಜೊತೆಗೆ ಕಲಿಸುತ್ತವೆ.

ಕೊನೆಯ ತೊಡಕು ಈ ನೆಲಕ್ಕೇ ವಿಶಿಷ್ಟವಾದುದು. ಇಲ್ಲಿಯ ಕುಟುಂಬಗಳ ಬೀಗತನ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ನಿಪ್ಪಾಣಿಯ ಮಕ್ಕಳು ಓದುವ ದೇವಚಂದ ಕಾಲೇಜು ಇರುವ ಅರ್ಜುನನಗರವೇ ಮಹಾರಾಷ್ಟ್ರದ ಕಾಗಲ ತಾಲ್ಲೂಕಿಗೆ ಸೇರಿದೆ, ಅಥಣಿ-ಕಾಗವಾಡಗಳ ಬಂಧುಗಳು ಮೀರಜ, ಜತ್ತ ತಾಲ್ಲೂಕುಗಳಲ್ಲಿದ್ದಾರೆ, ಜತ್ತದಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ರಜೆ ಬಂದರೆ ಮಗು ಹೋಗುವುದು ಅಜ್ಜನ ಊರಿಗೆ, ಆ ಊರು ಹಲವರಿಗೆ ಗಡಿಯಾಚೆ ಇರುತ್ತದೆ. ಆದರೆ ಕರ್ನಾಟಕದ ರಜೆ ಏಪ್ರಿಲ್‌ನಲ್ಲಿ ಆರಂಭವಾಗಿ ಮೇ ಕೊನೆಗೆ ಮುಗಿದರೆ, ಮಹಾರಾಷ್ಟ್ರದ ರಜೆ ಮೇ ತಿಂಗಳಲ್ಲಿ ಆರಂಭವಾಗಿ ಜೂನ್ ಮಧ್ಯದವರೆಗೆ ನಡೆಯುತ್ತದೆ, ಸೋದರಮಾವನ ಮಕ್ಕಳೆಲ್ಲ ಒಟ್ಟಿಗೆ ಬಿಡುವಾಗಿರುವುದು ಮೇ ತಿಂಗಳಲ್ಲಿ ಮಾತ್ರ. ಪುಸ್ತಕವೊಂದು ಹೆಚ್ಚು ಕೈಗಳಿಗೆ ಸಿಗುವ ತಿಂಗಳೂ ಅದೇ ಆದ್ದರಿಂದ ಮಗುವಿನ ಚೀಲದಲ್ಲಿ ಬಟ್ಟೆಯ ಜೊತೆಗೆ ಎರಡು ಪುಸ್ತಕ ಹೋಗುವುದು ಒಳ್ಳೆಯದು, ಜತ್ತದ ಕನ್ನಡ ಶಾಲೆಯ ಮಗು ಅದನ್ನು ಓದಲು ಕೇಳಿದರೆ ಬಿಟ್ಟುಬರುವುದು ಇನ್ನೂ ಒಳ್ಳೆಯದು. ಆಗ ಆ ಪುಸ್ತಕ ವಾಪಸು ಬರುವುದು ಜೂನ್ ಮಧ್ಯದಲ್ಲಿ, ಯಾರದೋ ಮದುವೆಗೋ ತಿಥಿಗೋ ಬಂದ ನೆಂಟರ ಕೈಯಲ್ಲಿ. ಮೇ 29ರ ಸುಮಾರಿಗೆ ಶಾಲೆ ತೆರೆದಾಗ ಮುಖ್ಯಶಿಕ್ಷಕರು ‘ಬಾಕಿ’ ಎಂದು ಬರೆದುಕೊಂಡು ಹದಿನೈದು ದಿನ ತಡೆಯಬೇಕಾಗುತ್ತದೆ, ತಪಾಸಣೆಗೆ ಬರುವ ಅಧಿಕಾರಿಯೂ ಆ ಹದಿನೈದು ದಿನ ಅವರನ್ನು ಕೇಳದಿರಬೇಕಾಗುತ್ತದೆ.